ಒಂದು ಕೆಲಸಕ್ಕೆ ಒಂದು ಹೆಸರು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ, ಆರೋಗ್ಯ ಸೇವೆಯಲ್ಲಿರುವ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 2005ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಪಾಸಾದವನು. ತುಮಕೂರಿನಲ್ಲಿ ಬಿಇ ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಆಸ್ಪತ್ರೆಗಳಿಗೆ ಬೇಕಾದ ತಂತ್ರಾಂಶ ಬರೆಯುವುದು ನಮ್ಮ ತಂಡದ ಕೆಲಸ. ಈ ಗೋಷ್ಠಿಗೆ ಕರೆದಾಗ ಸ್ವಲ್ಪ ಹಿಂಜರಿದೆ. ಇಲ್ಲಿ ಕೂತಿರುವವರಲ್ಲಿ ಫಾರ್ಮಸಿ ಓದಿ ಮೆಡಿಕಲ್ ಸ್ಟೋರ್ ನಡೆಸುವವರಿದ್ದೀರಿ, ಸ್ಟಾಫ್ ನರ್ಸ್‌ಗಳಿದ್ದೀರಿ, ಲ್ಯಾಬ್ ಟೆಕ್ನಿಷಿಯನ್‌ಗಳಿದ್ದೀರಿ, ಆಶಾ ಕಾರ್ಯಕರ್ತೆಯರಿದ್ದೀರಿ. ಔಷಧದ ವಿಚಾರದಲ್ಲಿ ನಿಮಗೆ ಹೇಳಿಕೊಡುವ ಯೋಗ್ಯತೆ ನನಗಿಲ್ಲ. ಆದರೆ ಹತ್ತು ಜನ ಸೇರಿ ಒಂದು ಕೆಲಸವನ್ನು ದಡ ಮುಟ್ಟಿಸುವುದು ಹೇಗೆ ಎಂಬುದನ್ನು ನನ್ನ ವೃತ್ತಿ ಕಲಿಸಿದೆ, ಏಟು ಕೊಟ್ಟೇ ಕಲಿಸಿದೆ. ಅದಕ್ಕೆ ನಮ್ಮ ಕಡೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ಆ ವಿದ್ಯೆ ಕಂಪ್ಯೂಟರಿನವರಿಗಿಂತ ಹೆಚ್ಚಾಗಿ ಔಷಧ ಕೊಡುವವರಿಗೆ, ರೋಗಿಯ ಆರೈಕೆ ಮಾಡುವವರಿಗೆ ಬೇಕು ಎಂದು ಹೇಳುವುದಕ್ಕೆ ಬಂದಿದ್ದೇನೆ.

ಈ ವಿದ್ಯೆಯ ಮೊದಲ ಪಾಠ ನನಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿಗಲಿಲ್ಲ, ಈ ಶಾಲೆಯ ಅಂಗಳದಲ್ಲಿ ಸಿಕ್ಕಿತು. ನಮ್ಮ ಡ್ರಿಲ್ ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಹೆಸರು ಹೇಳಬೇಡ ಎಂದು ಆಗಲೇ ತಾಕೀತು ಮಾಡಿದ್ದಾರೆ. ವಾರ್ಷಿಕೋತ್ಸವ ಬಂತೆಂದರೆ ಅವರ ಕೈಯಲ್ಲಿ ಒಂದು ಉದ್ದನೆಯ ನೋಟ್‌ಬುಕ್. ಅದರಲ್ಲಿ ನಾಲ್ಕು ಗೆರೆ ಎಳೆದು, ಏನು ಕೆಲಸ, ಯಾರು, ಯಾವತ್ತಿನೊಳಗೆ, ಆಯಿತೇ ಎಂದು ಬರೆಯುತ್ತಿದ್ದರು. ಶಾಮಿಯಾನ, ಮೈಕ್‌ಸೆಟ್, ಕುರ್ಚಿ, ಕುಡಿಯುವ ನೀರು, ಎಲ್ಲವೂ ಅದರಲ್ಲಿ. ನಾನು ಒಂಬತ್ತನೇ ತರಗತಿಯಲ್ಲಿದ್ದ ವರ್ಷ ಹಾರದ ಎದುರಿಗೆ ಅವರು ‘ಹತ್ತನೇ ತರಗತಿಯವರು’ ಎಂದು ಬರೆದಿದ್ದರು. ಅತಿಥಿಗಳು ಬಂದು ಕೂತರು, ಸ್ವಾಗತ ಗೀತೆ ಮುಗಿಯಿತು, ಹಾರ ಮಾತ್ರ ಬರಲಿಲ್ಲ. ನಲವತ್ತು ಜನರಲ್ಲಿ ಒಬ್ಬೊಬ್ಬರೂ ಇನ್ನೊಬ್ಬರು ತರುತ್ತಾರೆ ಎಂದುಕೊಂಡಿದ್ದರು. ಮರುವರ್ಷ ಮೇಷ್ಟ್ರು ಯಾರನ್ನೂ ಬೈಯಲಿಲ್ಲ. ‘ತರಗತಿ’ ಎಂದು ಬರೆಯುವುದನ್ನು ಬಿಟ್ಟು ಒಂದು ಕೆಲಸಕ್ಕೆ ಒಬ್ಬನದೇ ಹೆಸರು ಬರೆದರು. ಆ ವರ್ಷ ಹಾರದ ಎದುರಿಗಿದ್ದ ಹೆಸರು ನನ್ನದು. ಬೆಳಿಗ್ಗೆ ಆರಕ್ಕೇ ಹೂವಿನ ಅಂಗಡಿಯ ಮುಂದೆ ನಿಂತಿದ್ದೆ.

ಹಾರ ಬರದಿದ್ದರೆ ಒಂದು ಗಳಿಗೆಯ ಮುಜುಗರ, ಅಷ್ಟೇ. ಆಸ್ಪತ್ರೆಯಲ್ಲಿ ಅದೇ ತಪ್ಪಾದರೆ ಏನಾಗುತ್ತದೆ ಎಂಬುದನ್ನು ನಾನು ನಮ್ಮ ಮನೆಯಲ್ಲೇ ನೋಡಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಅಪ್ಪ ಎದೆನೋವೆಂದು ಒಂದು ಆಸ್ಪತ್ರೆಗೆ ಸೇರಿದರು. ಚಿಕಿತ್ಸೆ ಚೆನ್ನಾಗಿಯೇ ಆಯಿತು. ಡಿಸ್ಚಾರ್ಜ್ ಆಗುವಾಗ ಆರು ಬಗೆಯ ಮಾತ್ರೆ ಬರೆದುಕೊಟ್ಟರು. ಮನೆಗೆ ಬಂದ ಮೇಲೆ ಅಪ್ಪ ಹೊಸ ಮಾತ್ರೆಗಳನ್ನೂ ನುಂಗಿದರು, ಮೊದಲಿನಿಂದ ನುಂಗುತ್ತಿದ್ದ ಬಿಪಿ ಮಾತ್ರೆಯನ್ನೂ ಬಿಡಲಿಲ್ಲ. ಬಿಡಿ ಎಂದು ಯಾರೂ ಹೇಳಿರಲಿಲ್ಲವಲ್ಲ! ಕಾಲು ಊದಿಕೊಂಡಿತು, ತಲೆ ಸುತ್ತು ಬರತೊಡಗಿತು. ಒಂದು ಬೆಳಿಗ್ಗೆ ಬಚ್ಚಲಮನೆಯಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು.

ಕಟ್ಟು ಹಾಕಿಸಿಕೊಂಡು ಬರುವಾಗ ನೋವಿನ ಮಾತ್ರೆಗೆಂದು ತಾಲ್ಲೂಕು ಕೇಂದ್ರದ ಒಂದು ಮೆಡಿಕಲ್ ಸ್ಟೋರ್‌ಗೆ ಹೋದೆ. ಅಲ್ಲಿದ್ದ ಫಾರ್ಮಾಸಿಸ್ಟ್ ಇದೇ ಶಾಲೆಯ ಹುಡುಗಿ, ನನಗಿಂತ ಐದು ವರ್ಷ ಚಿಕ್ಕವಳು. ಚೀಟಿ ನೋಡಿ ಕೂಡಲೇ ಮಾತ್ರೆ ಕೊಡಲಿಲ್ಲ. “ಅಣ್ಣ, ಮನೇಲಿರೋ ಮಾತ್ರೆ ಎಲ್ಲಾ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ. ಹಳೇದು, ಹೊಸದು, ಅರ್ಧ ಖಾಲಿಯಾಗಿರೋದು, ಒಂದೂ ಬಿಡಬೇಡಿ” ಎಂದಳು. ತಂದು ಕೊಟ್ಟೆ. ಎಲ್ಲವನ್ನೂ ಮೇಜಿನ ಮೇಲೆ ಹರವಿ, ಎರಡು ಸ್ಟ್ರಿಪ್ ಎತ್ತಿ ಪಕ್ಕಪಕ್ಕದಲ್ಲಿ ಇಟ್ಟಳು. ಕಂಪನಿಯ ಹೆಸರು ಬೇರೆ, ಬಣ್ಣ ಬೇರೆ. ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಔಷಧದ ಹೆಸರು ಮಾತ್ರ ಎರಡರಲ್ಲೂ ಒಂದೇ, ಆಮ್ಲೋಡಿಪಿನ್. ಅಪ್ಪ ಒಂದೇ ಔಷಧವನ್ನು ದಿನಕ್ಕೆ ಎರಡು ಪಾಲು ನುಂಗುತ್ತಿದ್ದರು. ಅವಳು ಅಲ್ಲಿಂದಲೇ ವೈದ್ಯರಿಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಅವರು ಹೇಳಿದಂತೆ ಒಂದನ್ನು ತೆಗೆದಿಟ್ಟು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಕನ್ನಡದಲ್ಲಿ ಒಂದು ಪಟ್ಟಿ ಬರೆದುಕೊಟ್ಟಳು. ಆ ಪಟ್ಟಿ ಇವತ್ತಿಗೂ ನಮ್ಮ ಅಡುಗೆಮನೆಯ ಗೋಡೆಯ ಮೇಲಿದೆ.

ಈ ಸಂಗತಿಯಲ್ಲಿ ತಪ್ಪು ಯಾರದು? ವೈದ್ಯರು ಸರಿಯಾದ ಔಷಧವನ್ನೇ ಬರೆದಿದ್ದರು. ನರ್ಸ್ ಚೀಟಿಯಲ್ಲಿದ್ದದ್ದನ್ನು ವಿವರಿಸಿದ್ದರು. ಔಷಧ ಕೊಟ್ಟವರು ಚೀಟಿಯ ಪ್ರಕಾರವೇ ಕೊಟ್ಟಿದ್ದರು. ನಾನು ಬಿಲ್ ಕಟ್ಟಿ ಕಾರು ತಂದಿದ್ದೆ. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದ್ದೆವು. ಹಳೆಯ ಮಾತ್ರೆಯನ್ನೂ ಹೊಸ ಮಾತ್ರೆಯನ್ನೂ ಎದುರುಬದುರು ಇಟ್ಟು ನೋಡುವ ಕೆಲಸದ ಮುಂದೆ ಮಾತ್ರ ಯಾರ ಹೆಸರೂ ಇರಲಿಲ್ಲ. ಡ್ರಿಲ್ ಮೇಷ್ಟ್ರ ಹಾರ ನೆನಪಾಯಿತು.

ಇದು ನಮ್ಮ ಮನೆಯೊಂದರ ಕಥೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಗಳಿಂದ ಆಗುವ, ತಪ್ಪಿಸಬಹುದಾದ ತೀವ್ರ ಹಾನಿಯನ್ನು ಐದು ವರ್ಷದಲ್ಲಿ ಅರ್ಧಕ್ಕೆ ಇಳಿಸಬೇಕೆಂದು ಜಗತ್ತಿಗೆಲ್ಲ ಕರೆ ಕೊಟ್ಟಿತು. ಹೆಚ್ಚು ಎಚ್ಚರ ಬೇಕಾದ ಮೂರು ಕಡೆಗಳನ್ನು ಆಗ ಹೆಸರಿಸಿತು. ಒಂದು, ಅಪಾಯ ಹೆಚ್ಚಿರುವ ಸಂದರ್ಭಗಳು. ಎರಡು, ಒಬ್ಬರೇ ಹಲವು ಔಷಧ ನುಂಗುವುದು. ಮೂರು, ರೋಗಿ ಆಸ್ಪತ್ರೆಯಿಂದ ಮನೆಗೆ, ಒಬ್ಬ ವೈದ್ಯರಿಂದ ಇನ್ನೊಬ್ಬರಿಗೆ ದಾಟುವ ಹೊತ್ತು. ಅಪ್ಪ ಬಿದ್ದದ್ದು ಎರಡನೆಯದೂ ಮೂರನೆಯದೂ ಸೇರುವ ಕಡೆ.

ಈಗ ಪ್ರಾಜೆಕ್ಟ್ ಎಂದರೇನು ಎಂಬುದಕ್ಕೆ ಬರುತ್ತೇನೆ. ದಿನಾ ಚೀಟಿ ನೋಡಿ ಮಾತ್ರೆ ಕೊಡುವುದು ನಿತ್ಯದ ಕೆಲಸ. ‘ಇನ್ನು ಮೇಲೆ ನಮ್ಮ ಆಸ್ಪತ್ರೆಯಿಂದ ಹೋಗುವ ಪ್ರತಿ ರೋಗಿಯ ಹಳೆಯ ಮಾತ್ರೆಗಳನ್ನೂ ನೋಡಿಯೇ ಕಳಿಸುವ ವ್ಯವಸ್ಥೆ ತರೋಣ’ ಎಂದು ಹೊರಡುವುದು ಪ್ರಾಜೆಕ್ಟ್. ಅದಕ್ಕೊಂದು ಆರಂಭ ಉಂಟು, ಕೊನೆ ಉಂಟು, ಹಲವರ ಕೈ ಬೇಕು. ನಿತ್ಯದ ಕೆಲಸದಲ್ಲಿ ನೀವು ಪಳಗಿದವರು. ಎರಡನೆಯದಕ್ಕೆ ಬೇಕಾದ ವಿದ್ಯೆಯನ್ನು ನಾನು ಐದು ಪ್ರಶ್ನೆಗಳಲ್ಲಿ ಹೇಳುತ್ತೇನೆ. ಒಂದೊಂದಕ್ಕೂ ಒಂದೊಂದು ಉದಾಹರಣೆ.

ಮೊದಲ ಪ್ರಶ್ನೆ: ಕೆಲಸ ಮುಗಿಯಿತು ಎಂದು ಯಾವಾಗ ಹೇಳುವುದು?

ಇದನ್ನು ಕೇಳಿಕೊಳ್ಳದೆ ನಾನೇ ಕೆಟ್ಟಿದ್ದೇನೆ. ಒಂದು ಆಸ್ಪತ್ರೆಯ ಔಷಧಾಲಯದಲ್ಲಿ ದಾಸ್ತಾನು ಪುಸ್ತಕದ ಬದಲು ಕಂಪ್ಯೂಟರ್ ತರುವ ಕೆಲಸಕ್ಕೆ ನಾನು ಮುಂದಾಳು. ಪ್ರೋಗ್ರಾಂ ತಪ್ಪಿಲ್ಲದೆ ಓಡಿದರೆ ಕೆಲಸ ಮುಗಿದಂತೆ ಎಂದುಕೊಂಡಿದ್ದೆ. ಒಂದು ಸೋಮವಾರ, ಅದೂ ತಿಂಗಳ ಮೊದಲ ದಿನ, ಎಲ್ಲ ವಾರ್ಡುಗಳಲ್ಲೂ ಒಟ್ಟಿಗೆ ಶುರು ಮಾಡಿದೆವು. ಕೆಲವು ಔಷಧಗಳನ್ನು ನಾವು ಸ್ಟ್ರಿಪ್ ಲೆಕ್ಕದಲ್ಲೂ ಕೆಲವನ್ನು ಬಿಡಿ ಮಾತ್ರೆ ಲೆಕ್ಕದಲ್ಲೂ ತುಂಬಿದ್ದೆವು. ವಾರ್ಡಿನಿಂದ ಹತ್ತು ಎಂದು ಬಂದರೆ ಹತ್ತು ಮಾತ್ರೆಯೋ ಹತ್ತು ಸ್ಟ್ರಿಪ್ಪೋ ತಿಳಿಯದು. ಹಗಲಿನವರಿಗೆ ತರಬೇತಿ ಕೊಟ್ಟಿದ್ದೆವು, ರಾತ್ರಿ ಪಾಳಿಯವರನ್ನು ಮರೆತಿದ್ದೆವು. ರಾತ್ರಿಯವರು ಪಾಪ, ಹಳೆಯ ಪುಸ್ತಕದಲ್ಲೇ ಬರೆದರು. ಬೆಳಿಗ್ಗೆ ಕಂಪ್ಯೂಟರಿನ ಲೆಕ್ಕವೇ ಒಂದು, ಕಪಾಟಿನಲ್ಲಿದ್ದದ್ದೇ ಒಂದು. ಮೂರನೆಯ ದಿನ ಎಲ್ಲವನ್ನೂ ನಿಲ್ಲಿಸಿ ಪುಸ್ತಕಕ್ಕೆ ಮರಳಿದೆವು. ಅಲ್ಲಿನ ಮುಖ್ಯ ಫಾರ್ಮಾಸಿಸ್ಟ್ ಮೇಡಂ ನನ್ನನ್ನು ಕೂರಿಸಿ ಹೇಳಿದರು: “ನೀವು ಪ್ರೋಗ್ರಾಂ ಚೆನ್ನಾಗೇ ಬರೆದಿದ್ದೀರಿ. ರಾತ್ರಿ ಎರಡು ಗಂಟೆಗೆ ಇಲ್ಲಿ ಒಬ್ಬರೇ ಇರ್ತಾರೆ, ಅವರು ಹೇಗೆ ಕೆಲಸ ಮಾಡ್ತಾರೆ ಅಂತ ಒಂದು ಸಲನಾದ್ರೂ ಬಂದು ನೋಡಿದ್ರಾ?” ನಾನು ನೋಡಿರಲಿಲ್ಲ.

‘ರಾತ್ರಿ ಎರಡು ಗಂಟೆಗೆ ಒಬ್ಬರೇ ಇದ್ದಾಗಲೂ ಸರಿಯಾದ ಔಷಧ ಸರಿಯಾದ ಲೆಕ್ಕದಲ್ಲಿ ವಾರ್ಡಿಗೆ ಹೋಗಬೇಕು’ ಎಂದು ಮೊದಲೇ ಒಂದು ಸಾಲು ಬರೆದುಕೊಂಡಿದ್ದರೆ ಉಳಿದದ್ದೆಲ್ಲ ತಾನಾಗಿ ಹೊಳೆಯುತ್ತಿತ್ತು. ಆ ಸಾಲು ರೋಗಿಯ ಕಡೆಯಿಂದ ಬರೆದದ್ದಾಗಿರಬೇಕು, ಕಚೇರಿಯ ಕಡೆಯಿಂದಲ್ಲ.

ಎರಡನೆಯ ಪ್ರಶ್ನೆ: ಯಾರು?

ಇದನ್ನು ಆಗಲೇ ಹೇಳಿದೆ. ‘ಸಿಬ್ಬಂದಿ ಗಮನಿಸುವುದು’, ‘ಸಂಬಂಧಪಟ್ಟವರು ಕ್ರಮ ಕೈಗೊಳ್ಳುವುದು’ ಎಂದು ಸುತ್ತೋಲೆಯಲ್ಲಿ ಓದಿದ್ದೀರಿ. ಸಂಬಂಧಪಟ್ಟವರು ಎಂಬ ಹೆಸರಿನ ಮನುಷ್ಯ ಹಾಜರಿ ಪುಸ್ತಕದಲ್ಲಿ ಇಲ್ಲ. ಕೆಲಸಕ್ಕೆ ಹತ್ತು ಜನ ಕೈಹಾಕಲಿ, ಆದರೆ ಆಯಿತೇ ಎಂದು ಕೇಳಿದರೆ ಉತ್ತರ ಕೊಡುವವರು ಒಬ್ಬರೇ ಇರಲಿ. ಅವರು ರಜೆ ಹಾಕಿದರೆ ಯಾರು ಎಂಬುದೂ ಬರೆದಿರಲಿ.

ಮೂರನೆಯ ಪ್ರಶ್ನೆ: ಯಾವುದರ ನಂತರ ಯಾವುದು?

1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಕಂಪನಿ ತನ್ನ ಕಾರ್ಖಾನೆಗಳ ಕೆಲಸಕ್ಕೆ, ಅಲ್ಲಿನ ನೌಕಾಪಡೆ ಪೊಲಾರಿಸ್ ಕ್ಷಿಪಣಿಯ ಕೆಲಸಕ್ಕೆ ಇದರದ್ದೇ ಲೆಕ್ಕಾಚಾರ ಹೂಡಿದವು. ತತ್ವ ಮಾತ್ರ ನಮ್ಮ ರೈತರಿಗೆ ಗೊತ್ತಿರುವುದೇ. ಉಳುಮೆಯಾಗದೆ ಬಿತ್ತನೆಯಿಲ್ಲ. ಆದರೆ ಉಳುಮೆ ನಡೆಯುವಾಗಲೇ ಬೀಜ ತಂದಿಟ್ಟುಕೊಳ್ಳಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಲಸಿಕೆಯ ಹೊಸ ಫ್ರಿಜ್ ಬಂತೆಂದು ಇಟ್ಟುಕೊಳ್ಳಿ. ವೈರಿಂಗ್ ಆಗಬೇಕು, ಆಮೇಲೆ ಫ್ರಿಜ್ ಖಾಲಿಯಾಗಿಯೇ ಓಡಬೇಕು, ಒಳಗಿನ ತಾಪಮಾನ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ನಿಲ್ಲುತ್ತದೆಂದು ಬರೆದು ನೋಡಬೇಕು, ಆಮೇಲಷ್ಟೇ ಲಸಿಕೆ ಒಳಗೆ. ಈ ಸಾಲಿನಲ್ಲಿ ವೈರಿಂಗ್ ಒಂದು ವಾರ ತಡವಾದರೆ ಲಸಿಕೆಯೂ ಒಂದು ವಾರ ತಡ. ರಿಜಿಸ್ಟರ್‌ಗೆ ಗೆರೆ ಹಾಕುವುದು, ಸಿಬ್ಬಂದಿಗೆ ಹೇಳಿಕೊಡುವುದು ಪಕ್ಕದಲ್ಲಿ ನಡೆಯಬಹುದು, ಅವು ಎರಡು ದಿನ ತಡವಾದರೂ ಚಿಂತೆಯಿಲ್ಲ. ಯಾವ ಕೆಲಸ ತಡವಾದರೆ ಎಲ್ಲವೂ ತಡವಾಗುತ್ತದೋ ಅದನ್ನು ದಿನಾ ವಿಚಾರಿಸಬೇಕು. ಎಲ್ಲದರ ಹಿಂದೆಯೂ ಒಂದೇ ಸಮ ಓಡುವವರು ಬೇಗ ಸುಸ್ತಾಗುತ್ತಾರೆ.

ನಾಲ್ಕನೆಯ ಪ್ರಶ್ನೆ: ಏನು ಕೆಡಬಹುದು?

ಸೋತ ಮೇಲೆ ಆ ಔಷಧಾಲಯದ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡಾಗ ಮೇಡಂ ಎಲ್ಲರನ್ನೂ ಕೂರಿಸಿದರು. ರಾತ್ರಿ ಪಾಳಿಯವರು, ಟ್ರಾಲಿ ತಳ್ಳುವವರು, ವಾರ್ಡಿನ ನರ್ಸ್, ನಾನು. “ಇದು ಮತ್ತೆ ಕೆಟ್ಟುಹೋಗಿದೆ ಅಂದುಕೊಳ್ಳಿ. ಯಾಕೆ ಕೆಟ್ಟಿತು, ಒಬ್ಬೊಬ್ಬರೂ ಹೇಳಿ” ಎಂದರು. ಕರೆಂಟ್ ಹೋಗುತ್ತದೆ ಎಂದರು ಒಬ್ಬರು. ಒಂದೇ ತರಹ ಕೇಳಿಸುವ ಹೆಸರುಗಳು ಪಟ್ಟಿಯಲ್ಲಿ ಒಂದರ ಕೆಳಗೊಂದು ಬರುತ್ತವೆ, ಆತುರದಲ್ಲಿ ಕೈ ತಪ್ಪುತ್ತದೆ ಎಂದರು ಇನ್ನೊಬ್ಬರು. ನಾವು ಇಂಜಿನಿಯರುಗಳು ತಿಂಗಳುಗಟ್ಟಲೆ ಯೋಚಿಸಿ ಕಾಣದ್ದನ್ನು ಅವರು ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಿದರು. ಈ ಸಲ ಒಂದೇ ವಾರ್ಡಿನಲ್ಲಿ, ಎರಡು ವಾರ, ಪುಸ್ತಕವನ್ನೂ ಪಕ್ಕದಲ್ಲಿ ಇಟ್ಟುಕೊಂಡು ನಡೆಸಿದೆವು. ಲೆಕ್ಕ ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು, ಯಾವ ಹಂತದಲ್ಲಿ ಪುಸ್ತಕಕ್ಕೆ ಮರಳಬೇಕು ಎಂದು ಮೊದಲೇ ಬರೆದಿಟ್ಟೆವು. ಮರಳುವ ಪ್ರಸಂಗ ಬರಲಿಲ್ಲ.

ಇನ್ನೊಂದು ದೊಡ್ಡ ಉದಾಹರಣೆ ಕೊಡುತ್ತೇನೆ. ಅರಿವಳಿಕೆ ಕೊಡುವ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಹೊರಡುವ ಮೊದಲು ಜೋರಾಗಿ ಓದಿ ಗುರುತು ಹಾಕಬೇಕಾದ 19 ಅಂಶಗಳ ಪಟ್ಟಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದಿತು. ಡಾ. ಅತುಲ್ ಗವಾಂಡೆ ಅವರ ಮುಂದಾಳತ್ವದಲ್ಲಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಪರೀಕ್ಷಿಸಿದರು, ನಮ್ಮ ನವದೆಹಲಿಯೂ ಅದರಲ್ಲಿತ್ತು. 2009ರ ಜನವರಿಯಲ್ಲಿ ಫಲಿತಾಂಶ ಪ್ರಕಟವಾಯಿತು. ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದಿದ್ದವು. ಪಟ್ಟಿಯಲ್ಲಿ ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ. ರೋಗಿ ಇವರೇ ತಾನೇ, ಯಾವ ಕಡೆಗೆ ಶಸ್ತ್ರಚಿಕಿತ್ಸೆ, ಯಾವುದಾದರೂ ಔಷಧ ಒಗ್ಗುವುದಿಲ್ಲವೇ, ಹತ್ತಿ ಬಟ್ಟೆ ಉಪಕರಣಗಳ ಲೆಕ್ಕ ಸರಿಯಾಯಿತೇ, ಇಂಥವೇ. ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸ ಹೇಳಿಕೊಳ್ಳಬೇಕು ಎಂಬುದೂ ಅದರಲ್ಲಿದೆ. ಹೆಸರು ಹೇಳಿಕೊಂಡ ನರ್ಸ್, ಏನೋ ತಪ್ಪಾಗುತ್ತಿದೆ ಅನಿಸಿದಾಗ ಬಾಯಿಬಿಟ್ಟು ಹೇಳಲು ಹೆದರುವುದಿಲ್ಲ.

ಐದನೆಯ ಪ್ರಶ್ನೆ: ಮುಗಿದ ಮೇಲೆ ತಿರುಗಿ ನೋಡಿದಿರಾ?

ಇದಕ್ಕೆ ಉದಾಹರಣೆ ನಮ್ಮೂರಿನ ಬಾಗಿಲುಗಳ ಮೇಲೇ ಇದೆ. 1995ರಲ್ಲಿ ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾಯಿತು. ಭಾನುವಾರ ಶಾಲೆಯಲ್ಲಿ ಹನಿ ಹಾಕಿಸಿಕೊಂಡು, ಕಿರುಬೆರಳಿಗೆ ಶಾಯಿ ಹಚ್ಚಿಸಿಕೊಂಡದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮರುದಿನದಿಂದ ಕಾರ್ಯಕರ್ತೆಯರು ಮನೆಮನೆಗೆ ಬರುತ್ತಿದ್ದರು. ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘ಪಿ’, ಒಂದು ಮಗು ತಪ್ಪಿದ್ದರೂ ‘ಎಕ್ಸ್’. ಎಕ್ಸ್ ಬಿದ್ದ ಮನೆಗೆ ಮತ್ತೆ ಬರಬೇಕು. ಯಾವ ತಂಡ, ಯಾವ ಬೀದಿ, ಎಷ್ಟು ಮನೆ ಎಂಬುದೆಲ್ಲ ಕಾಗದದಲ್ಲಿ ಮೊದಲೇ ಬರೆದಿರುತ್ತಿತ್ತು. ದೇಶದಲ್ಲಿ ವೈಲ್ಡ್ ಪೋಲಿಯೊ ವೈರಸ್‌ನ ಕೊನೆಯ ಪ್ರಕರಣ ಕಾಣಿಸಿಕೊಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ನಮ್ಮ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಲಸಿಕೆಯಷ್ಟೇ ಅಲ್ಲ, ಆ ‘ಎಕ್ಸ್’ ಗುರುತೂ ಅದನ್ನು ಸಾಧಿಸಿತು. ತಪ್ಪಿಹೋದದ್ದನ್ನು ಮುಚ್ಚಿಡದೆ ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಬರೆದು, ಮತ್ತೆ ಬಂದು ಸರಿಪಡಿಸಿದರಲ್ಲ, ನಾನು ಕಂಡ ಪ್ರಾಜೆಕ್ಟುಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಅದನ್ನು ಮಾಡಿದವರಲ್ಲಿ ಕೆಲವರು ಈ ಸಭೆಯಲ್ಲಿ ಕೂತಿದ್ದೀರಿ. ನಿಮಗೆ ನಮಸ್ಕಾರ.

ಐದು ಪ್ರಶ್ನೆ ಹೇಳಿ ಹೋದರೆ ಭಾಷಣವಾಯಿತು, ಕೆಲಸವಾಗಲಿಲ್ಲ. ಹಾಗಾಗಿ ಈ ಸುವರ್ಣ ಮಹೋತ್ಸವದ ನೆನಪಿಗೆ ಒಂದು ಚಿಕ್ಕ ಪ್ರಾಜೆಕ್ಟನ್ನು ನಿಮ್ಮ ಮುಂದಿಡುತ್ತೇನೆ. ಹೆಸರು ‘ಮಾತ್ರೆ ಚೀಲ’.

ಮುಗಿಯಿತು ಎಂದು ಯಾವಾಗ ಹೇಳುವುದು? ಶಾಲೆಯ ಹಿಂದಿನ ಬೀದಿಯಲ್ಲಿ 60 ದಾಟಿದ ಪ್ರತಿಯೊಬ್ಬರ ಮನೆಯ ಗೋಡೆಯ ಮೇಲೂ ಅವರ ಮಾತ್ರೆಗಳ ಒಂದು ಕನ್ನಡ ಪಟ್ಟಿ ಇರಬೇಕು, ಅದನ್ನು ಒಬ್ಬ ಫಾರ್ಮಾಸಿಸ್ಟ್ ನೋಡಿರಬೇಕು. ಇಡೀ ಊರಲ್ಲ, ಮೊದಲು ಒಂದೇ ಬೀದಿ.

ಯಾರು? ಅಪ್ಪನ ಚೀಲ ನೋಡಿದ ತಂಗಿ ಮಾತ್ರೆ ನೋಡುವ ಹೊಣೆ ಹೊರಲು ಒಪ್ಪಿದ್ದಾಳೆ. ಮನೆಗಳ ಪಟ್ಟಿ ಆಶಾ ಅಕ್ಕನವರದು. ಪಟ್ಟಿಯ ಕಾಗದ ಅಚ್ಚು ಹಾಕಿಸುವುದು ನನ್ನದು.

ಯಾವುದರ ನಂತರ ಯಾವುದು? ಮೊದಲು ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಒಪ್ಪಿಗೆ. ಅದು ಸಿಗದೆ ಮುಂದಿನ ಹೆಜ್ಜೆಯಿಲ್ಲ. ಆಮೇಲೆ ಮನೆಗಳ ಪಟ್ಟಿ, ಆಮೇಲೆ ಒಂದು ಭಾನುವಾರ ಶಾಲೆಯ ಕೊಠಡಿಯಲ್ಲಿ ಚೀಲ ನೋಡುವುದು.

ಏನು ಕೆಡಬಹುದು? ಯಾರಾದರೂ ಹೆದರಿ ತಾವೇ ಮಾತ್ರೆ ನಿಲ್ಲಿಸಿಬಿಡಬಹುದು. ಇದನ್ನು ಒತ್ತಿ ಹೇಳುತ್ತೇನೆ. ಫಾರ್ಮಾಸಿಸ್ಟ್ ಗುರುತಿಸಿ ವೈದ್ಯರಿಗೆ ತಿಳಿಸುತ್ತಾರೆ. ಬಿಡುವುದೋ ಬದಲಿಸುವುದೋ ವೈದ್ಯರ ತೀರ್ಮಾನ. ನನ್ನ ಮಾತು ಕೇಳಿ ಯಾರೂ ಮನೆಗೆ ಹೋಗಿ ಮಾತ್ರೆ ಬಿಡಬೇಡಿ. ಇನ್ನೊಂದು, ನಡೆಯಲಾಗದ ಹಿರಿಯರು ಶಾಲೆಗೆ ಬರಲಾರರು. ಅವರ ಮನೆಯ ಮುಂದೆ ಎಕ್ಸ್. ಅಲ್ಲಿಗೆ ನಾವೇ ಹೋಗುತ್ತೇವೆ.

ತಿರುಗಿ ನೋಡುವುದು? ಮೂರು ತಿಂಗಳ ನಂತರ ಅದೇ ಬೀದಿಗೆ ಮತ್ತೆ ಹೋಗುವುದು. ಪಟ್ಟಿ ಗೋಡೆಯ ಮೇಲಿದೆಯೇ, ಔಷಧ ಬದಲಾಗಿದ್ದರೆ ಪಟ್ಟಿಯೂ ಬದಲಾಗಿದೆಯೇ ಎಂದು ನೋಡುವುದು. ಸರಿಯಾಗಿದ್ದರೆ ಪಕ್ಕದ ಬೀದಿ. ಇಲ್ಲದಿದ್ದರೆ ಯಾಕೆಂದು ಬರೆದುಕೊಂಡು ಮತ್ತೆ ಇದೇ ಬೀದಿ.

ಅಪ್ಪ ಈಗ ಆರಾಮವಾಗಿದ್ದಾರೆ. ಕೈ ಕೂಡಿಕೊಂಡಿದೆ, ಸ್ವಲ್ಪ ಸೊಟ್ಟಗಿದೆ, ಚಳಿಗಾಲದಲ್ಲಿ ನೋಯುತ್ತದೆ. ಆ ಕೈಯಲ್ಲೇ ಅವರು ಈ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ಹಿಡಿದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ.

ಹೊರಡುವ ಮೊದಲು ಒಂದು ಕೋರಿಕೆ. ಊಟದ ಪಂಕ್ತಿಗೆ ಹೋಗುವ ದಾರಿಯಲ್ಲಿ ಮೇಜಿನ ಮೇಲೆ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೇನೆ. ನಾಲ್ಕು ಗೆರೆಗಳನ್ನು ಡ್ರಿಲ್ ಮೇಷ್ಟ್ರೇ ಎಳೆದುಕೊಟ್ಟಿದ್ದಾರೆ. ‘ಯಾರು’ ಎಂಬ ಸಾಲಿನಲ್ಲಿ ಇನ್ನೂ ಆರು ಜಾಗ ಖಾಲಿ ಇವೆ. ‘ಹಳೆಯ ವಿದ್ಯಾರ್ಥಿಗಳು’ ಎಂದು ಬರೆಯಬೇಡಿ. ನಿಮ್ಮ ಹೆಸರು ಬರೆಯಿರಿ.